ಜೋಗ ಕಾಣದ ದಿನ



ಎಲ್ಲಿಗಾದರೂ ಹೊರಡುವುದೆಂದರೆ ಮಕ್ಕಳ ಪ್ರವಾಸ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. ಚೀಲ ನಾಲ್ಕು ಸಲ ತುಂಬಿ, ನಾಲ್ಕು ಸಲ ಬಿಚ್ಚಿ ಆಗಿರುತ್ತದೆ. ಅಂದುಕೊಂಡದ್ದು ತಪ್ಪಿದರೆ ದೊಡ್ಡವರು "ಇನ್ನೊಂದು ಸಲ ಬಂದರಾಯಿತು" ಎಂದು ಸುಮ್ಮನಾಗುತ್ತೇವೆ. ಆದರೆ ಆ 'ಇನ್ನೊಂದು ಸಲ' ಮಕ್ಕಳಿಗೆ ಯಾವ ಕ್ಯಾಲೆಂಡರಿನಲ್ಲೂ ಕಾಣಿಸುವುದಿಲ್ಲ. ಈ ವಾರ ಅದರ ಬಗ್ಗೆಯೇ ನಾಲ್ಕು ಮಾತು.

ಕಳೆದ ಆಗಸ್ಟಿನಲ್ಲಿ ನಮ್ಮ ಮೊಮ್ಮಗಳು ಬೆಂಗಳೂರಿನಿಂದ ಸಾಗರಕ್ಕೆ ಬಂದಿದ್ದಳು. ನಾಲ್ಕನೇ ಕ್ಲಾಸು. ಜೋಗದ ಚಿತ್ರ ಬರೆದು ತರುತ್ತೇನೆಂದು ಗೆಳತಿಯರಿಗೆ ಹೇಳಿಬಂದಿದ್ದಳಂತೆ. ಮರುದಿನ ಬೆಳಿಗ್ಗೆಯೇ ವಾಪಸು ಹೊರಡಬೇಕು. ಕೊಡೆ, ಬಣ್ಣದ ಪೆನ್ಸಿಲು, ಅವಲಕ್ಕಿ ಡಬ್ಬಿ ಹಿಡಿದು ಮೂವರೂ ಬಸ್ಸು ಹತ್ತಿದೆವು. ಜೋಗಕ್ಕೆ ಇಲ್ಲಿಂದ ಸುಮಾರು 30 ಕಿಲೋಮೀಟರ್.

ಕಟಕಟೆಯ ಬಳಿ ನಿಂತು ನೋಡಿದರೆ ಎದುರಿಗೆ ಏನೂ ಇಲ್ಲ. ಹಾಲಿನ ಪಾತ್ರೆಯೊಳಗೆ ಇಣುಕಿದಂತೆ ಎಲ್ಲ ಬಿಳಿ. ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಗಂಟೆ ಕಾದೆವು. ಮಂಜು ಸರಿಯಲಿಲ್ಲ. ಮಗುವಿನ ಗಲ್ಲದ ಮೇಲೆ ಮಳೆಹನಿಯ ಜೊತೆ ಕಣ್ಣೀರೂ ಇಳಿಯತೊಡಗಿತು.

ನನ್ನಾಕೆ "ಇಷ್ಟಕ್ಕೆಲ್ಲ ಅಳ್ತಾರಾ" ಎನ್ನಲಿಲ್ಲ, ಜೋಳ ಕೊಡಿಸುತ್ತೇನೆಂದು ಪುಸಲಾಯಿಸಲೂ ಇಲ್ಲ. "ಹೌದು ಪುಟ್ಟಿ, ಬೇಜಾರಾಗುವಂಥದ್ದೇ. ನನಗೂ ಆಗಿದೆ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಪ್ರಶ್ನೆ ಬಂದದ್ದು ಪುಟ್ಟಿಯಿಂದಲೇ. "ಅಜ್ಜ, ಈ ಮಂಜು ಎಲ್ಲಿಂದ ಬರುತ್ತೆ?"

ಅರಬ್ಬಿ ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಪಶ್ಚಿಮ ಘಟ್ಟಕ್ಕೆ ತಾಗುತ್ತದೆ. ಬೆಟ್ಟ ಅಡ್ಡ ಬಂದಾಗ ಅದು ಮೇಲಕ್ಕೇರಲೇಬೇಕು. ಮೇಲೆ ಹೋದಂತೆ ತಣ್ಣಗಾಗಿ, ಅದರಲ್ಲಿದ್ದ ನೀರಿನ ಆವಿ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ಮೋಡ, ನಾವು ಅದರೊಳಗೆ ನಿಂತರೆ ಅದೇ ಮಂಜು. ಬೀಳುವ ನೀರಿನ ತುಂತುರೂ ಅದಕ್ಕೆ ಸೇರುತ್ತದೆ. "ಹಾಗಾದರೆ ನಾವೀಗ ಮೋಡದ ಒಳಗಿದ್ದೇವಾ?" ಎಂದು ಕಣ್ಣರಳಿಸಿದಳು.

ಕಾಣದಿದ್ದರೇನಂತೆ, ಲೆಕ್ಕ ಹಾಕೋಣ ಎಂದೆ. ಶರಾವತಿ ಇಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ದೆಹಲಿಯ ಕುತುಬ್ ಮಿನಾರ್ ಸುಮಾರು 73 ಮೀಟರ್. ಅಂಥ ಮೂರೂವರೆ ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ! ಗಾಳಿಯ ತಡೆ ಇಲ್ಲವೆಂದುಕೊಂಡರೆ ಅಷ್ಟು ಎತ್ತರದಿಂದ ಬಿದ್ದ ಕಲ್ಲು ತಳ ಸೇರಲು ಸುಮಾರು ಏಳು ಸೆಕೆಂಡು ಬೇಕು. ಪುಟ್ಟಿ ಕಣ್ಣು ಮುಚ್ಚಿ, ಆ ಸದ್ದು ಕೇಳುತ್ತಾ ನಿಧಾನವಾಗಿ ಒಂದರಿಂದ ಏಳರವರೆಗೆ ಎಣಿಸಿದಳು. "ಅಬ್ಬಾ, ಅಷ್ಟು ಆಳವಾ!" ಎಂದಳು.

ಇನ್ನು ಮುಂದೇನು? ಇಲ್ಲೇ ಸಂಜೆವರೆಗೆ ಕಾಯುವುದೋ, ಸಾಗರಕ್ಕೆ ಮರಳಿ ಹತ್ತಿರದ ಇಕ್ಕೇರಿಗೆ ಹೋಗುವುದೋ? ತೀರ್ಮಾನ ಅವಳಿಗೇ ಬಿಟ್ಟೆವು. ಇಕ್ಕೇರಿ ಎಂದಳು.

ಇಕ್ಕೇರಿ ಒಂದು ಕಾಲಕ್ಕೆ ಕೆಳದಿ ನಾಯಕರ ರಾಜಧಾನಿ. ಅಘೋರೇಶ್ವರ ದೇವಾಲಯದ ನೆಲದ ಮೇಲೆ ಆ ನಾಯಕರು ಅಡ್ಡಬಿದ್ದು ನಮಸ್ಕರಿಸುತ್ತಿರುವಂತೆ ಕೆತ್ತಿದ್ದಾರೆ. ಪುಟ್ಟಿ ತುಳಿಯದೆ ಪಕ್ಕಕ್ಕೆ ಸರಿದು, "ರಾಜರು ಸಿಂಹಾಸನದ ಮೇಲಲ್ಲವಾ ಇರಬೇಕು, ನೆಲದ ಮೇಲೆ ಯಾಕೆ?" ಎಂದು ಕೇಳಿದಳು. ದೇವರ ಮುಂದೆ ರಾಜನೂ ಎಲ್ಲರಂತೆಯೇ ಎಂದಳು ಅಜ್ಜಿ. ಎದುರಿನ ಮಂಟಪದ ದೊಡ್ಡ ನಂದಿಯ ಚಿತ್ರ ಬರೆಯಲು ಒಂದು ಗಂಟೆ ಹಿಡಿಯಿತು. ಪುಸ್ತಕದಲ್ಲಿ ಅದರ ಮುಂದಿನ ಪುಟವನ್ನು ಖಾಲಿ ಬಿಟ್ಟು, ಮೇಲೆ "ಜೋಗ – ಬಾಕಿ" ಎಂದು ಬರೆದಳು. ಬ್ಯಾಂಕಿನವನ ಮೊಮ್ಮಗಳಲ್ಲವೇ! ದಸರಾ ರಜೆಯಲ್ಲಿ ಬಿಸಿಲು ಬಿದ್ದ ಒಂದು ದಿನ ಕರೆದೊಯ್ದು ಆ ಬಾಕಿ ತೀರಿಸಿದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಆ ಪುಟಕ್ಕೆ ಬಂದವು.

ಅಜ್ಜ-ಅಜ್ಜಿಯರೇ, ಹೊರಡುವ ಮುಂಚೆಯೇ "ಮಳೆ ಬಂದರೆ ಏನು ಮಾಡೋಣ?" ಎಂದು ಮಗುವನ್ನೇ ಕೇಳಿಡಿ. ಯೋಜನೆ ತಪ್ಪಿದರೆ ನಿಜವನ್ನು ಹೇಳಿ, ಕಾರಣವನ್ನೂ ಹೇಳಿ. ಅಳುವಷ್ಟು ಹೊತ್ತು ಅಳಲಿ. ತಿಂಡಿ ಕೊಡಿಸಿ ದುಃಖ ಮರೆಸುವುದು ಸುಲಭ. ಆದರೆ ಬೇಜಾರನ್ನು ದಾಟಿ ಬರುವುದನ್ನು ಮಗು ಕಲಿಯಬೇಕಾದದ್ದು ಇಂಥ ಸಣ್ಣ ನಿರಾಸೆಗಳಲ್ಲೇ. ನಾಳೆಯ ದೊಡ್ಡ ನಿರಾಸೆಗಳಲ್ಲಿ ನಾವು ಪಕ್ಕದಲ್ಲಿರುತ್ತೇವೋ ಇಲ್ಲವೋ. ಮತ್ತೆ, ಕೊಟ್ಟ ಮಾತು ಸಾಲವಿದ್ದಂತೆ. ಮುಂದೂಡಬಹುದು, ಮನ್ನಾ ಮಾಡಿಕೊಳ್ಳುವಂತಿಲ್ಲ. ದಿನ ಗೊತ್ತುಮಾಡಿ ತೀರಿಸಿ.

ಮಕ್ಕಳೇ, ನಿಮಗೊಂದು ಕೆಲಸ. ಅಂದುಕೊಂಡಲ್ಲಿಗೆ ಹೋಗಲಾಗದೆ ಬೇರೆಲ್ಲಿಗೋ ಹೋದ ದಿನ ನಿಮಗೂ ಇದ್ದೀತು. ಅಲ್ಲಿ ಕಂಡ ಒಂದು ಹೊಸ ಸಂಗತಿಯನ್ನು ನೆನಪಿಸಿಕೊಂಡು ಬರೆಯಿರಿ. ಬರೆದದ್ದನ್ನು ಇವತ್ತೇ ಅಜ್ಜ-ಅಜ್ಜಿಗೆ ಓದಿ ಹೇಳಿ.