ಬಹುಮತವಿದ್ದ ಮೇಲೆ ನೆಪವೇಕೆ?

2018ರ ಸಮ್ಮಿಶ್ರ ಸರಕಾರವು 14 ತಿಂಗಳಲ್ಲೇ ಉರುಳಿದ್ದನ್ನು ಕಂಡ ಕರ್ನಾಟಕದ ಮತದಾರರು, 2023ರ ಮೇ ತಿಂಗಳಲ್ಲಿ ವಿಧಾನಸಭೆಯ 224 ಸ್ಥಾನಗಳ ಪೈಕಿ 135ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಮಿತ್ರಪಕ್ಷ ಒಪ್ಪಲಿಲ್ಲವೆಂಬ ಸಬೂಬು ಏಕಪಕ್ಷ ಸರಕಾರಕ್ಕಿಲ್ಲ.

ಐದು ಗ್ಯಾರಂಟಿಗಳನ್ನು ನಾವು ಹೀಗಳೆಯುವುದಿಲ್ಲ. 2024-25ರ ಬಜೆಟಿನಲ್ಲಿ ಅವುಗಳಿಗೆ ಸುಮಾರು 52 ಸಾವಿರ ಕೋಟಿ ರೂಪಾಯಿ ಮೀಸಲಿಡಲಾಯಿತು. ಬಡವರ ಮನೆಯ ಒಲೆ ಉರಿಯಲು ಅದು ನೆರವಾಗಿದೆ. ಆದರೆ ಸರಕಾರದ ನಿಜವಾದ ಪರೀಕ್ಷೆ ಹಣ ಹಂಚುವುದರಲ್ಲಿಲ್ಲ, ನ್ಯಾಯ ಹಂಚುವುದರಲ್ಲಿದೆ. ಉಚಿತ ಬಸ್ಸಿನಲ್ಲಿ ಹೊರಟ ಹೆಣ್ಣುಮಗಳನ್ನು ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಬಾಗಿಲಲ್ಲೇ ತಡೆದರೆ ಆ ಪ್ರಯಾಣಕ್ಕೆ ಅರ್ಥವೇನು?

2022ರ ಫೆಬ್ರವರಿಯ ಸಮವಸ್ತ್ರ ಆದೇಶವನ್ನು ಹಿಂಪಡೆಯುವುದಾಗಿ 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಾರಿದರು. ಮರುದಿನವೇ, ಆ ಬಗ್ಗೆ ಯೋಚಿಸುತ್ತಿದ್ದೇವೆ ಎಂದರು. ಒಂದೇ ರಾತ್ರಿಯಲ್ಲಿ ಬದಲಾದದ್ದೇನು? ಸರಕಾರಿ ಆದೇಶವೊಂದನ್ನು ಹಿಂಪಡೆಯಲು ಸದನದ ಮತ ಬೇಕಿರಲಿಲ್ಲ, ಖಜಾನೆಯ ಹಣವೂ ಬೇಕಿರಲಿಲ್ಲ. ಬೇಕಿದ್ದದ್ದು ಧೈರ್ಯ ಮಾತ್ರ.

ಹಿಂದಿನ ಸರಕಾರವಾದರೋ ಚುನಾವಣೆಯ ಹೊಸ್ತಿಲಲ್ಲಿ, 2023ರ ಮಾರ್ಚಿನಲ್ಲಿ, ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಗೊಳಿಸಲು ಹಿಂಜರಿಯಲಿಲ್ಲ. ಸುಪ್ರೀಂ ಕೋರ್ಟು ಪ್ರಶ್ನಿಸಿದ ಮೇಲಷ್ಟೇ ಅದು ತಡೆದು ನಿಂತಿತು. ಅನ್ಯಾಯಕ್ಕಿದ್ದ ಎದೆಗಾರಿಕೆ ನ್ಯಾಯಕ್ಕೆ ಇರಬಾರದೇ? ಓಲೈಕೆಯ ಆರೋಪಕ್ಕೆ ಅಂಜಿ ಕರ್ತವ್ಯ ಬಿಟ್ಟವರನ್ನು ಆ ಆರೋಪವೇನೂ ಬಿಡುವುದಿಲ್ಲ.

ನಮ್ಮ ಸಮುದಾಯವೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಮತ ಹಾಕಿ ಮನೆಗೆ ಮರಳಿದರೆ ನಮ್ಮ ಹೊಣೆ ಮುಗಿಯುವುದಿಲ್ಲ. ಶಾಸಕರ ಬಳಿಗೆ ರಸ್ತೆ, ಚರಂಡಿ, ಶಿಫಾರಸು ಪತ್ರಗಳಿಗಾಗಿ ಹೋಗುವ ನಾವು ಹಕ್ಕಿನ ಪ್ರಶ್ನೆಯನ್ನು ಎಷ್ಟು ಬಾರಿ ಎತ್ತಿದ್ದೇವೆ? ಕೊಟ್ಟ ಮಾತು ಸಾಲವಿದ್ದಂತೆ. ಸಾಲಗಾರನ ಮುಂದೆ ಕೈಚಾಚಿ ಬೇಡಬೇಕಾಗಿಲ್ಲ, ಲೆಕ್ಕ ಕೇಳಿದರೆ ಸಾಕು.