ಹೋರೆ ಯಾವ ಊರಿನದು?

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೇಮಾವತಿಯ ದಡದ ಊರು. ಮೈಸೂರು–ಹಾಸನ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವೂ ಉಂಟು. ನಿಲ್ದಾಣದ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶದ, ಎಂದರೆ ಮಿರ್ಜಾಪುರದ ಆಸುಪಾಸಿನ ಸೂರ್ಯನನ್ನು ಅನುಸರಿಸಿ. ಊರಿನ ಸೂರ್ಯ ಅದಕ್ಕಿಂತ ಸರಾಸರಿ 24 ನಿಮಿಷ ಹಿಂದೆ. ಹೀಗಿದ್ದೂ ಗೋಡೆಯ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ ಎಷ್ಟೋ ಹೋರಾಕೋಷ್ಟಕಗಳು ವರ್ಷವಿಡೀ ಬೆಳಗಿನ 6 ಗಂಟೆಗೇ ಆರಂಭವಾಗುತ್ತವೆ.

ಶಾಸ್ತ್ರದ ಮಾತು ಬೇರೆ. ಹೋರೆ ಎಣಿಕೆಯಾಗುವುದು ಆಯಾ ಊರಿನ ಸೂರ್ಯೋದಯದಿಂದ. ಸೂರ್ಯ, ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ ಎಂಬ ಕ್ರಮದಲ್ಲಿ ಅಧಿಪತಿಗಳು ಬರುತ್ತಾರೆ. 24 ಹೋರೆ ಮುಗಿದು 25ನೆಯದು ಯಾರ ಪಾಲಿಗೆ ಬರುವುದೋ ಮರುದಿನಕ್ಕೆ ಅವನದೇ ಹೆಸರು. ವಾರಗಳ ಸರಣಿ ಹುಟ್ಟಿದ್ದೇ ಈ ಲೆಕ್ಕದಿಂದ. ಜನವರಿಯ ಕೊನೆಗೆ ಅಕ್ಕಿಹೆಬ್ಬಾಳಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6 ಗಂಟೆ 50 ನಿಮಿಷಕ್ಕೆ. ಸೋಮವಾರ 6.45ಕ್ಕೆ ಕೋಷ್ಟಕ ಚಂದ್ರಹೋರೆ ಎನ್ನುತ್ತದೆ. ಶಾಸ್ತ್ರದಂತೆ ಆಗಿನ್ನೂ ಭಾನುವಾರದ ಕಡೆಯ ಬುಧಹೋರೆ. ನಂಬುವವನಿಗೂ ಈ ಕೋಷ್ಟಕ ನಿರುಪಯೋಗಿ.

ಹೋರೆಯ ಉದ್ದದಲ್ಲಿ ಎರಡು ಪದ್ಧತಿಗಳಿವೆ. ಸೂರ್ಯೋದಯದಿಂದ ಎರಡೂವರೆ ಗಳಿಗೆಗೆ ಒಂದರಂತೆ ಸಮವಾಗಿ ಎಣಿಸುವುದು ಒಂದು. ಹಗಲನ್ನೂ ಇರುಳನ್ನೂ ಪ್ರತ್ಯೇಕವಾಗಿ ಹನ್ನೆರಡು ಪಾಲು ಮಾಡುವುದು ಇನ್ನೊಂದು. ಎರಡನೆಯದಕ್ಕೆ ಊರಿನ ಹಗಲಿನ ಅಳತೆ ಬೇಕು. ಅದಕ್ಕೆ ಬೇಕಾದ ಸಾಧನ ಒಂದು ಶಂಕು ಮಾತ್ರ. ವಿಷುವದಿನದ ನಡುಹಗಲಿನಲ್ಲಿ 12 ಅಂಗುಲದ ಶಂಕು ಚೆಲ್ಲುವ ನೆರಳೇ ಪಲಭಾ; ಅಕ್ಕಿಹೆಬ್ಬಾಳಿಗೆ ಅದು ಸುಮಾರು 2⅔ ಅಂಗುಲ. ಇದನ್ನು 10, 8, 3⅓ರಿಂದ ಬೇರೆಬೇರೆಯಾಗಿ ಗುಣಿಸಿದರೆ 27, 21, 9 ವಿಘಳಿಗೆಗಳ ಚರಖಂಡಗಳು ದೊರೆಯುತ್ತವೆ. ಒಟ್ಟು 57, ಎಂದರೆ 23 ನಿಮಿಷಕ್ಕೆ ತುಸು ಕಡಿಮೆ. ಕರ್ಕಸಂಕ್ರಾಂತಿಯ ಹಗಲು ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು ಹಿಗ್ಗುತ್ತದೆ. ಇಂದಿನ ತ್ರಿಕೋನಮಿತಿಯ ಉತ್ತರಕ್ಕೂ ಇದಕ್ಕೂ ಒಂದೆರಡು ನಿಮಿಷದ ಅಂತರವಷ್ಟೇ. ಹಗಲಿನ ಹೋರೆ ಆಗ 64 ನಿಮಿಷ, ಡಿಸೆಂಬರಿನಲ್ಲಿ 56.

ಜೈನ ಆಗಮದ 'ಸೂರ್ಯಪ್ರಜ್ಞಪ್ತಿ'ಯಲ್ಲಿ ಅತಿದೀರ್ಘ ಹಗಲು 18 ಮುಹೂರ್ತ, ಅತಿಹ್ರಸ್ವ ಹಗಲು 12 ಮುಹೂರ್ತ. ವೇದಾಂಗಜ್ಯೋತಿಷದ ಪ್ರಮಾಣವೂ ಇದೇ. ಈ 3:2ರ ಅನುಪಾತ 35 ಡಿಗ್ರಿ ಅಕ್ಷಾಂಶದ ಆಸುಪಾಸಿಗೆ ಒಪ್ಪುತ್ತದೆ. ಕನ್ನಡನಾಡಿನ ಯಾವ ಊರಿಗೂ ಒಪ್ಪದು. ಅಕ್ಕಿಹೆಬ್ಬಾಳಿನಲ್ಲಾಗಲಿ, ಹತ್ತಿರದ ಶ್ರವಣಬೆಳಗೊಳದಲ್ಲಾಗಲಿ ಹಗಲು 14ರಿಂದ 16 ಮುಹೂರ್ತಗಳೊಳಗೇ ತೂಗಾಡುತ್ತದೆ. ಬೆಳಗೊಳದ ಮುನಿಗಳು ಕಣ್ಣೆದುರಿನ ನೆರಳನ್ನು ಕಾಣದವರಲ್ಲ. ಆಗಮದ ಸಂಖ್ಯೆ ಲೋಕವರ್ಣನೆಗೆ, ಶಂಕುವಿನ ಸಂಖ್ಯೆ ನಿತ್ಯಜೀವನಕ್ಕೆ ಎಂಬ ವಿವೇಕ ಅವರಿಗೆ ಇದ್ದಿರಬೇಕು. ಈ ವಿವೇಕ ಇಂದಿನ ಸಂಶೋಧನೆಯಲ್ಲಿ ಕ್ಷೀಣವಾಗಿದೆ. ಜ್ಯೋತಿಷವನ್ನು ನಂಬುವವರು ಗಣಿತಕ್ಕೆ ಹೋಗುವುದಿಲ್ಲ, ನಂಬದವರು ಮೂಢನಂಬಿಕೆಯೆಂದು ಪುಟ ಮಗುಚುತ್ತಾರೆ. ಹೋರಾ ಎಂಬ ಪದ ಗ್ರೀಕಿನಿಂದ ಬಂದಿತೆಂದು ಅಡಿಟಿಪ್ಪಣಿ ಬರೆದು, 'ಅಹೋರಾತ್ರ'ದ ಆದ್ಯಂತಾಕ್ಷರಗಳು ಲೋಪವಾಗಿ ಅದು ಸಿದ್ಧಿಸಿತೆಂಬ ವರಾಹಮಿಹಿರನ ವಿವರಣೆಗೆ ನಕ್ಕು ಮುಂದೆ ಸಾಗುವುದೇ ವಾಡಿಕೆಯಾಗಿದೆ.

ನಷ್ಟ ಸಾಹಿತ್ಯದ್ದು. 1049ರ 'ಜಾತಕತಿಲಕ' ಕನ್ನಡದ ಮೊದಲ ಜ್ಯೋತಿಷಗ್ರಂಥ. ಕರ್ತೃ ನರಗುಂದದ ಜೈನಕವಿ ಶ್ರೀಧರಾಚಾರ್ಯ. ಇಂಥ ಕೃತಿಯನ್ನು ತರಗತಿಯಲ್ಲಿ 'ಮೊದಲನೆಯದು' ಎಂಬ ಒಂದೇ ವಾಕ್ಯದಲ್ಲಿ ಮುಗಿಸುವುದು ಅನ್ಯಾಯ. ಶಾಸನಗಳ ಕಾಲನಿರ್ಣಯದಲ್ಲೂ ತೊಡಕು ಇದೇ: ತಿಥಿಯೊಂದು ಸೂರ್ಯೋದಯದ ಹೊತ್ತಿಗೆ ಮುಗಿಯುವಂತಿದ್ದರೆ, ಯಾವ ಊರಿನ ಉದಯ ಎಂಬುದರ ಮೇಲೆ ದಿನವೇ ಬದಲಾದೀತು. ಕಂಪ್ಯೂಟರಿಗೆ ಊರಿನ ಹೆಸರು ಕೊಡದೆ ಪಡೆದ ತಾರೀಖನ್ನು ಪ್ರಬಂಧಕ್ಕೆ ಇಳಿಸುವ ವಿದ್ಯಾರ್ಥಿಗೆ ಅಕ್ಷಾಂಶ ಕೇಳುವ ಮಾರ್ಗದರ್ಶಕರು ವಿರಳ. ನರಗುಂದದ ಪಲಭಾ ಸುಮಾರು 3⅓ ಅಂಗುಲ. ಅಲ್ಲಿಯ ಅತಿದೀರ್ಘ ಹಗಲು ಅಕ್ಕಿಹೆಬ್ಬಾಳಿನದಕ್ಕಿಂತ ಹನ್ನೆರಡು ನಿಮಿಷದಷ್ಟು ಹೆಚ್ಚು. ಶ್ರೀಧರಾಚಾರ್ಯನನ್ನು ಓದುವವರು ಮೊದಲು ಆ ನೆರಳನ್ನು ಅಳೆಯಬೇಕು.