ಕಸಿ ಫಲಿಸಿದ ಮೇಲೆ ಕರುಳಿನ ಗತಿ

ರಕ್ತದ ಕ್ಯಾನ್ಸರಿಗೆ ತುತ್ತಾದವನೊಬ್ಬನಿಗೆ ಅವನ ಸೋದರನ ಮೂಳೆಮಜ್ಜೆಯಿಂದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ತೆಗೆದು ಕಸಿಮಾಡಿದರು, ಎರಡು ಮೂರು ವಾರಗಳಲ್ಲಿ ಹೊಸ ರಕ್ತಕಣಗಳು ತಲೆದೋರಿದವು, ಕಸಿ ಫಲಿಸಿತು. ಇಂತಹ ವಾರ್ತೆಯನ್ನು ಓದಿದಾಗ ನಾವೆಲ್ಲರೂ ಕಥೆ ಅಲ್ಲಿಗೆ ಸುಖಾಂತವಾಯಿತೆಂದೇ ಭಾವಿಸುತ್ತೇವೆ. ವೈದ್ಯರಾದರೋ ಆ ಹೊತ್ತಿನಲ್ಲಿ ರೋಗಿಯ ಮಲವನ್ನು ಅಳೆಯುತ್ತಿರುತ್ತಾರೆ.

ಎಳೆಯ ವಾಚಕರು ಮೂಗು ಮುರಿಯಬಾರದು. ವಯಸ್ಕನೊಬ್ಬನಿಗೆ ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚಾಗಿ ಭೇದಿಯಾದರೆ ಅದು ಒಂದನೆಯ ಹಂತ. 1000 ಮೀರಿದರೆ ಎರಡನೆಯದು. 1500 ಮೀರಿದರೆ ಮೂರನೆಯದು. ಸಹಿಸಲಾಗದ ಹೊಟ್ಟೆನೋವು ಕೂಡಿಕೊಂಡರೆ ನಾಲ್ಕನೆಯದು. 'ಗ್ರಾಫ್ಟ್ ವರ್ಸಸ್ ಹೋಸ್ಟ್' ಎಂದು ವೈದ್ಯರು ಕರೆಯುವ, ನಾವಿಲ್ಲಿ ಕಸಿದಾಳಿ ಎನ್ನಬಹುದಾದ ರೋಗವು ಕರುಳನ್ನು ಹಿಡಿದಾಗ ಅದರ ಉಗ್ರತೆಯನ್ನು ತಿಳಿಯುವ ಅಳತೆಗೋಲು ಇದು.

ತೋಟಗಾರನು ಕಟ್ಟಿದ ಮಾವಿನ ಕಸಿ ತನಗೆ ನೆಲೆಕೊಟ್ಟ ಬುಡದ ಮೇಲೆ ಎಂದೂ ತಿರುಗಿಬೀಳುವುದಿಲ್ಲ. ಮಜ್ಜೆಯ ಕಸಿಯ ಸಂಗತಿ ಬೇರೆ. ಅದರೊಡನೆ ದಾನಿಯ ಟಿ ಕೋಶಗಳೂ ಬರುತ್ತವೆ. ಪರಕೀಯವಾದುದನ್ನು ಗುರುತಿಸಿ ಕೊಲ್ಲುವುದೇ ಅವುಗಳ ಕಸುಬು. ಮತ್ತು ಹೊಸ ಮನೆಯಲ್ಲಿ ಅವುಗಳಿಗೆ ಎಲ್ಲವೂ ಪರಕೀಯವೇ. ಈ ದಾಳಿಗೆ ಮೂರು ಕಾರಣಗಳು ಕೂಡಬೇಕೆಂದು ಬಿಲ್ಲಿಂಗ್‌ಹ್ಯಾಮ್ 1966ರಲ್ಲಿ ವಿವರಿಸಿದನು: ಕಸಿಯಲ್ಲಿ ಹೋರಾಡಬಲ್ಲ ಕೋಶಗಳಿರಬೇಕು, ರೋಗಿಯ ದೇಹದಲ್ಲಿ ದಾನಿಗಿಲ್ಲದ ಗುರುತುಗಳಿರಬೇಕು, ಕಸಿಯನ್ನು ಹೊರದೂಡುವ ಶಕ್ತಿ ರೋಗಿಗೆ ಇರಬಾರದು. ಕಾಯುವುದಕ್ಕೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ನಿಜವಾದ ನಿದರ್ಶನ ನಮಗೆ ತಿಳಿಯದು.

ಚರ್ಮ, ಯಕೃತ್ತು, ಕರುಳು ಇವು ಮುಖ್ಯವಾಗಿ ದಾಳಿಗೆ ಈಡಾಗುವ ಅಂಗಗಳು. ಇವುಗಳಲ್ಲಿ ಕರುಳಿನ ಪಾಡು ಹೆಚ್ಚು ಭೀಕರ. ಕಸಿಗೆ ಮುನ್ನ ಕೊಡುವ ಪ್ರಬಲ ಔಷಧಗಳೂ ವಿಕಿರಣವೂ ಕರುಳಿನ ಒಳಪದರವನ್ನು ಗಾಸಿಗೊಳಿಸಿರುತ್ತವೆ. ಆ ಬಿರುಕುಗಳ ಮೂಲಕ ಕರುಳಿನ ಏಕಾಣುಜೀವಿಗಳ ಅಂಶಗಳು ರಕ್ತಕ್ಕೆ ಸೋರಿ ಟಿ ಕೋಶಗಳನ್ನು ಕೆರಳಿಸುತ್ತವೆ. ಆರೋಗ್ಯವಂತನಲ್ಲಿ ಈ ಒಳಪದರವು ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಹಾಗೆ ಹೊಸದಾಗಿಸುವ ಆಕರಕೋಶಗಳು ಸಣ್ಣ ಸಣ್ಣ ಕುಳಿಗಳ ತಳದಲ್ಲಿವೆ. ಕೆರಳಿದ ಟಿ ಕೋಶಗಳು ಆ ತಳಕ್ಕೇ ಕೈಹಾಕುತ್ತವೆ. ಬೆಳೆ ಹಾಳಾದರೆ ಮತ್ತೆ ನೆಡಬಹುದು. ಸಸಿಮಡಿಯೇ ಸುಟ್ಟುಹೋದರೆ ನೆಡುವುದೇನನ್ನು?

ಚಿಕಿತ್ಸೆಯ ಮೊದಲ ಮೆಟ್ಟಿಲು ಸ್ಟೆರಾಯ್ಡ್. ತೀವ್ರವಾದ ರೋಗದಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 2 ಮಿಲಿಗ್ರಾಂನಂತೆ ಮೀಥೈಲ್‌ಪ್ರೆಡ್ನಿಸೊಲೋನ್ ಕೊಡುವುದು ವಾಡಿಕೆ. ಸುಮಾರು ಅರ್ಧದಷ್ಟು ರೋಗಿಗಳು ಇದಕ್ಕೆ ಮಣಿಯುತ್ತಾರೆ. ಉಳಿದವರಿಗಾಗಿ 2019ರಲ್ಲಿ ಅಮೆರಿಕದಲ್ಲಿ ರಕ್ಸೊಲಿಟಿನಿಬ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 28ನೆಯ ದಿನಕ್ಕೆ ಅದು 100ರಲ್ಲಿ 62 ಮಂದಿಗೆ ಗುಣ ತೋರಿತು. ಇತರ ಔಷಧಗಳು ಗುಣ ತೋರಿದ್ದು 39 ಮಂದಿಗೆ. ಇದು ಸಣ್ಣ ಲಾಭವಲ್ಲ.

ಆದರೂ ಈ ದಾರಿ ಒಂದರಿಂದಲೇ ಕೆಲಸವಾಗದೆಂಬುದು ನಮ್ಮ ಅಭಿಪ್ರಾಯ. ದೇಹದ ರಕ್ಷಣಾಶಕ್ತಿಯನ್ನೆಲ್ಲ ಒಟ್ಟಾಗಿ ಅದುಮುವ ಔಷಧಗಳು ಸೋಂಕಿಗೆ ಬಾಗಿಲು ತೆರೆಯುತ್ತವೆ. ದಾಳಿಯಿಂದ ಉಳಿದವನು ಸೋಂಕಿನಿಂದ ಸಾಯುವುದುಂಟು. ಇನ್ನೊಂದು ತೊಡಕೂ ಇದೆ. ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವವುಗಳೂ ಇದೇ ಟಿ ಕೋಶಗಳು. ಏಕರೂಪದ ಅವಳಿಗಳ ನಡುವಣ ಕಸಿಯಲ್ಲಿ ದಾಳಿ ಅತಿ ವಿರಳ. ಆದರೆ ಲ್ಯುಕೀಮಿಯ ಮರುಕಳಿಸುವುದು ಅಲ್ಲಿಯೇ ಹೆಚ್ಚು. ಆದುದರಿಂದ ಟಿ ಕೋಶಗಳನ್ನು ಎಲ್ಲೆಡೆಯೂ ಕೆಡಹುವ ಬದಲು, ಕರುಳಿಗೆ ಮಾತ್ರ ಹೋಗದಂತೆ ತಡೆಯಬಹುದೇ?

ವೆಡೊಲಿಜುಮಾಬ್ ಮಾಡುವುದು ಇದನ್ನೇ. ಕರುಳಿನ ರಕ್ತನಾಳಗಳಲ್ಲಿ ಇಳಿದುಕೊಳ್ಳಲು ಟಿ ಕೋಶಗಳು ಬಳಸುವ ಕೊಂಡಿಯನ್ನು ಅದು ಮುಚ್ಚುತ್ತದೆ. ಕಸಿಗೆ ಮುನ್ನವೇ ಆರಂಭಿಸಿ ಕೊಟ್ಟಾಗ, 180ನೆಯ ದಿನಕ್ಕೆ ಕೆಳಗರುಳಿನ ದಾಳಿಯಿಲ್ಲದೆ ಬದುಕಿದ್ದವರು 100ಕ್ಕೆ ಸುಮಾರು 85. ಹುಸಿಮದ್ದು ಪಡೆದವರಲ್ಲಿ ಸುಮಾರು 71. ಇದು 2024ರಲ್ಲಿ ಪ್ರಕಟವಾದ ಫಲಿತಾಂಶ. ಕುಳಿಯ ತಳದ ಆಕರಕೋಶಗಳನ್ನು ಚಿಗುರಿಸುವ ಇಂಟರ್‌ಲ್ಯೂಕಿನ್-22 ಎಂಬ ವಸ್ತುವಿನ ಬಗೆಗೆ ಇಲಿಗಳಲ್ಲಿ ನಡೆದ ಕೆಲಸ 2015ರಲ್ಲಿ ಬೆಳಕು ಕಂಡಿತು. ಈಚೆಗೆ ರೋಗಿಗಳಲ್ಲಿಯೂ ಅದರ ಪ್ರಯೋಗ ನಡೆದಿದೆ. ಏಕಾಣುಜೀವಿಗಳಿಲ್ಲದೆ ಬೆಳೆಸಿದ ಇಲಿಗಳಲ್ಲಿ ದಾಳಿ ಸೌಮ್ಯವಾಗಿರುವುದು 1970ರ ದಶಕದಲ್ಲೇ ಕಂಡಿತ್ತು. ಮನುಷ್ಯನ ಕರುಳನ್ನು ಹಾಗೆ ಬರಿದುಮಾಡಲಾಗದು. ಕರುಳಿನಲ್ಲಿ ನಾನಾ ಜಾತಿಯ ಜೀವಿಗಳನ್ನು ಉಳಿಸಿಕೊಂಡ ರೋಗಿಗಳಲ್ಲಿ ಸಾವು ಕಡಿಮೆಯೆಂದು 2020ರ ಅಧ್ಯಯನವೊಂದು ತೋರಿಸಿತು.

ಇಲ್ಲಿ ಉತ್ಸಾಹಕ್ಕೆ ಕಡಿವಾಣವೂ ಬೇಕು. ಆರೋಗ್ಯವಂತರ ಮಲದ ಜೀವಿಗಳನ್ನು ರೋಗಿಗೆ ದಾಟಿಸುವ ಪ್ರಯೋಗವೊಂದರಲ್ಲಿ, ಔಷಧಕ್ಕೆ ಬಗ್ಗದ ಏಕಾಣುಜೀವಿಯೂ ಜೊತೆಗೆ ದಾಟಿ, ಕಸಿ ಪಡೆದಿದ್ದ ಒಬ್ಬ ರೋಗಿ ತೀರಿಕೊಂಡ ಸಂಗತಿ 2019ರಲ್ಲಿ ವರದಿಯಾಯಿತು. ದಾನಿಯನ್ನು ಹಲವು ಸಲ ಶೋಧಿಸದೆ ಇದಕ್ಕೆ ಕೈಹಾಕುವುದು ನಮಗೆ ಒಪ್ಪಿಗೆಯಿಲ್ಲ.

ಮೊದಲು ಬೆಂಕಿ ಆರಿಸಿ, ಮನೆಯ ದುರಸ್ತಿ ಆಮೇಲಾಗಲಿ ಎಂದು ಕೆಲವರು ವಾದಿಸಿಯಾರು. ಬೆಂಕಿ ಆರಿಸಲೇಬೇಕು, ಸ್ಟೆರಾಯ್ಡ್ ಕೊಡಲೇಬೇಕು. ಆದರೆ ಒಳಪದರದ ಬಿರುಕು ಮುಚ್ಚದಿದ್ದರೆ ಏಕಾಣುಜೀವಿಗಳ ಸೋರಿಕೆ ನಿಲ್ಲದು, ಸೋರಿಕೆ ನಿಲ್ಲದಿದ್ದರೆ ಟಿ ಕೋಶಗಳು ಮತ್ತೆ ಕೆರಳುತ್ತವೆ. ಈ ರೋಗದಲ್ಲಿ ದುರಸ್ತಿಯೂ ಬೆಂಕಿ ಆರಿಸುವ ಕೆಲಸವೇ ಆಗಿದೆ. ಕಸಿಯ ಯಶಸ್ಸನ್ನು ವರದಿಮಾಡುವವರು ರಕ್ತಕಣಗಳ ಎಣಿಕೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಬರೆಯಲೆಂದು ನಾವು ಕೇಳುತ್ತೇವೆ: ರೋಗಿಯು ನರದ ಮೂಲಕ ಪೋಷಣೆ ಪಡೆಯುವುದನ್ನು ಬಿಟ್ಟು, ಮೊದಲು ತಿಳಿನೀರು, ಆಮೇಲೆ ಜಿಡ್ಡೂ ನಾರೂ ಇಲ್ಲದ ಮೆತ್ತನೆಯ ಆಹಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಮನೆಯವರೊಡನೆ ಕುಳಿತು ಊಟಮಾಡಿದ್ದು ಎಷ್ಟನೆಯ ದಿನ?